ಹೆಸರಿಗೊಂದು ಎಡೆ

ನಮ್ಮ ಮನೆಯಲ್ಲಿ ಪಿತೃಪಕ್ಷದ ಎಡೆ ಇಡುತ್ತಿದ್ದದ್ದು ತೀರಿಹೋದವರ ಲೆಕ್ಕದಲ್ಲಿ ಅಲ್ಲ, ಹೆಸರಿನ ಲೆಕ್ಕದಲ್ಲಿ. ಮುನಿಶಾಮಪ್ಪ ಅಂತ ಯಾವ ಯಾವ ತಲೆಮಾರಿನಲ್ಲಿ ಎಷ್ಟು ಜನ ಆಗಿಹೋಗಿದ್ದರೂ ಅವರೆಲ್ಲರಿಗೂ ಸೇರಿ ಒಂದೇ ಬಾಳೆಲೆ. ಆ ಎಲೆಯ ಪಕ್ಕದಲ್ಲಿ ಒಬ್ಬರಿಗೆ ಇಷ್ಟವಾದ ಬೀಡಿ ಕಟ್ಟು, ಇನ್ನೊಬ್ಬರಿಗೆ ಇಷ್ಟವಾದ ನಶ್ಯದ ಡಬ್ಬಿ. ಅವರವರೇ ಹಂಚಿಕೊಂಡು ಉಣ್ಣಲಿ ಎಂಬ ಧಾರಾಳ. ನಡುಮನೆಯ ಕಾವಿ ನೆಲವನ್ನು ಬೆಳಿಗ್ಗೆಯೇ ಒರೆಸಿ, ಗೋಡೆಯ ಉದ್ದಕ್ಕೂ ಎಲೆ ಹಾಕಿ, ಮೇಲೆ ಕಟ್ಟಿದ ಹಗ್ಗಕ್ಕೆ ಹೊಸ ಪಂಚೆ, ಹೊಸ ಸೀರೆ ಇಳಿಬಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಜ್ಜಾಯದ ಎಣ್ಣೆ, ಕೋಳಿಸಾರಿನ ಮಸಾಲೆ, ಧೂಪ ಮೂರೂ ಕಲೆತು ಆ ಕೋಣೆಗೆ ಬೇರೆ ದಿನಗಳಲ್ಲಿ ಇಲ್ಲದ ಒಂದು ವಾಸನೆ ಬರುತ್ತಿತ್ತು. ಪೂಜೆ ಆದ ಮೇಲೆ ನಾವೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂರಬೇಕು. ಒಳಗೆ ಹಿರಿಯರು ಉಣ್ಣುತ್ತಾರೆ. ನಾನು ಬಾಗಿಲ ಸಂದಿಗೆ ಕಿವಿ ಕೊಟ್ಟರೆ ಅವ್ವ ಜಡೆ ಹಿಡಿದು ಎಳೆಯುತ್ತಿದ್ದಳು.

"ಉಣ್ಣೋರ ಬಾಯಿ ನೋಡ್ಬಾರ್ದು ಕಣಮ್ಮ."

"ನೋಡ್ತಿಲ್ಲ ಅವ್ವಾ, ಕೇಳಿಸ್ಕೋತಿದೀನಿ. ಯಾರೋ ವಡೆ ಮುರಿದ ಹಂಗಾಯ್ತು."

"ಇಲಿ ಇರ್ಬೇಕು. ಸುಮ್ಕಿರು."

ಅವ್ವ ಅಂದರೆ ನನ್ನ ಅಪ್ಪನ ತಾಯಿ. ಮನೆಯಲ್ಲಿ ಇದ್ದದ್ದು ಅವ್ವ, ಅಪ್ಪ, ಅಮ್ಮ ಮತ್ತು ನಾನು. ಗೌರಿಬಿದನೂರಿನಿಂದ ವಿದುರಾಶ್ವತ್ಥದ ಕಡೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಜೋಳದ ಹೊಲಗಳ ನಡುವೆ ನಡೆದು ಬಂದರೆ ಮೊದಲು ಕೆರೆ, ಆಮೇಲೆ ನಮ್ಮ ಹೆಂಚಿನ ಮನೆ. ಅಪ್ಪ ಹೊಲವನ್ನೂ ನೋಡಿಕೊಂಡು, ಕುಡುಮಲಕುಂಟೆಯ ಫ್ಯಾಕ್ಟರಿಯ ಶಿಫ್ಟಿಗೂ ಹೋಗುತ್ತಿದ್ದರು. ಅಮ್ಮ ಚಿಂತಾಮಣಿ ಕಡೆಯವಳು. ಗಾಬರಿಯಾದರೆ ಅವಳ ಬಾಯಲ್ಲಿ ಮೊದಲು ಬರುತ್ತಿದ್ದದ್ದು ತೆಲುಗು. ನಾನು ಗೌರಿಬಿದನೂರಿನ ಕಾನ್ವೆಂಟಿಗೆ ಹೋಗುತ್ತಿದ್ದೆ. ನೀಲಿ ಪಿನಾಫೋರ್, ಬಿಳಿ ಸಾಕ್ಸ್, ಎರಡು ಜಡೆ ಮಡಚಿ ಕಟ್ಟಿದ ರಿಬ್ಬನ್. ಮತ್ತು ಇಷ್ಟೆಲ್ಲ ಇಂಗ್ಲಿಷ್ ಅಲಂಕಾರದ ಒಳಗೆ ನನ್ನ ಹೆಸರು: ಅಕ್ಕಯ್ಯಮ್ಮ.

ಈ ಹೆಸರು ನಮ್ಮೂರಲ್ಲಿ ದೊಡ್ಡ ಹೆಸರು. ಕೆರೆ ಏರಿಯ ಮೇಲೆ ಒಂದು ಕಲ್ಲಿದೆ, ಅದರಲ್ಲಿ ಕೈಯೆತ್ತಿ ನಿಂತ ಹೆಂಗಸಿನ ಚಿತ್ರ. ಕೈಯಲ್ಲಿರುವುದು ಕತ್ತಿ ಎನ್ನುವವರು ಕತ್ತಿ ಎನ್ನುತ್ತಿದ್ದರು. ಅವ್ವ ಮಾತ್ರ ಅದು ಸೌಟು ಅನ್ನುತ್ತಿದ್ದಳು. ಕೆರೆ ಒಡೆದ ವರ್ಷ ಏರಿ ಕಟ್ಟಲು ಬಂದವರಿಗೆ ಏರಿಯ ಮೇಲೆಯೇ ಒಲೆ ಹೂಡಿ, ತೂಬು ನಿಲ್ಲುವ ತನಕ ಅನ್ನ ಬಡಿಸಿದವಳು ಅಕ್ಕಯ್ಯಮ್ಮ. ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ ಓಡಿ ಬಂದವರನ್ನು ನಮ್ಮ ಮನೆಯ ಹಗೇವಿನಲ್ಲಿ, ಅಂದರೆ ಅಂಗಳದಲ್ಲಿ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಯಲ್ಲಿ, ಬಚ್ಚಿಟ್ಟು ಕಾಪಾಡಿದವಳೂ ಅಕ್ಕಯ್ಯಮ್ಮ. ಕಾನ್ವೆಂಟಿಗೆ ಸೇರುವ ಮೊದಲು ನಾನು ಹೋಗುತ್ತಿದ್ದ ಊರಿನ ಶಾಲೆಯಲ್ಲಿ ಬಾವುಟ ಹಾರಿಸುವ ದಿನ ಮೇಷ್ಟ್ರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಸಾಲಿನಲ್ಲಿ ನಿಂತ ನನ್ನ ಕಡೆ ಕೈ ತೋರಿಸುತ್ತಿದ್ದರು. ನನಗೆ ಆ ಅಕ್ಕಯ್ಯಮ್ಮ ಆಲದಮರದಷ್ಟು ದೊಡ್ಡವಳಾಗಿ ಕಾಣುತ್ತಿದ್ದಳು. ಒಂದು ಕಾಲು ಏರಿಯ ಮೇಲೆ, ಇನ್ನೊಂದು ಕಾಲು ಹಗೇವಿನ ಚಪ್ಪಡಿಯ ಮೇಲೆ.

ಊರಿಗೆ ದೊಡ್ಡದಾದ ಹೆಸರು ಕಾನ್ವೆಂಟಿನಲ್ಲಿ ನಗೆಪಾಟಲಾಗಿತ್ತು. ಸ್ನೇಹಾ, ಪ್ರಿಯಾಂಕಾ, ದಿವ್ಯಾಗಳ ನಡುವೆ ಹಾಜರಿ ಕರೆಯುವಾಗ ನನ್ನ ಸರದಿ ಬಂದರೆ ಹಿಂದಿನ ಬೆಂಚಿನಿಂದ ಕೆಮ್ಮು ಶುರುವಾಗುತ್ತಿತ್ತು, ಮುದುಕಿಯರ ಕೆಮ್ಮು. "ಅಕ್ಕಯ್ಯಮ್ಮಾ, ಎಲೆಅಡಿಕೆ ಕೊಡಮ್ಮಾ," "ಹಲ್ಲುಸೆಟ್ ಮರೆತು ಬಂದ್ಯಾ?" ನಾನೂ ನಗುತ್ತಿದ್ದೆ, ನಗದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು. ಮನೆಗೆ ಬಂದರೆ ಇನ್ನೊಂದು ಬಗೆ. ಅಮ್ಮ ನನ್ನನ್ನು ಒಂದು ಸಲವೂ ಹೆಸರು ಹಿಡಿದು ಕರೆದವಳಲ್ಲ. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಎತ್ತಬಾರದು. ಆ ಹೆಸರನ್ನು ಮಗಳಿಗೇ ಇಟ್ಟಮೇಲೆ ಅಮ್ಮ ಏನು ತಾನೆ ಮಾಡಿಯಾಳು? ನಾನು ಅವಳಿಗೆ ಪುಟ್ಟಿ, ಅಮ್ಮಣ್ಣಿ, ಸಿಟ್ಟು ಬಂದರೆ ಬರೀ ಏಮೇ. ಜ್ವರ ಬಂದು ಗೌರಿಬಿದನೂರಿನ ಡಾಕ್ಟರ ಹತ್ತಿರ ಹೋದಾಗ ಚೀಟಿ ಬರೆಯುವವನು ಕೇಳಿದ್ದು ಇನ್ನೂ ನೆನಪಿದೆ.

"ಮಗು ಹೆಸರೇನಮ್ಮ?"

"ಅದೇ... ದೊಡ್ಡೋರ ಹೆಸ್ರು."

"ಯಾವ ದೊಡ್ಡೋರು?"

"ನಮ್ಮನೆ ದೊಡ್ಡೋರು. ಕೆರೆ ಮೇಲವ್ರಲ್ಲ, ಅವ್ರು."

ಮೈ ಸುಡುತ್ತಿದ್ದ ನಾನೇ ಅಮ್ಮನ ಹೆಗಲಿನಿಂದ ತಲೆಯೆತ್ತಿ ನನ್ನ ಹೆಸರು ಹೇಳಬೇಕಾಯಿತು. ಅವನು ಬರೆದುಕೊಂಡು, "ಅಷ್ಟು ಹೇಳಕ್ಕೆ ಇಷ್ಟು ಕಷ್ಟಾನಾ?" ಎಂದ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗುವಿನ ಕೊನೆಯಲ್ಲಿ ಅವಳ ಗಲ್ಲ ಸಣ್ಣಗೆ ನಡುಗಿದ್ದನ್ನು ನಾನು ನೋಡಿದ್ದೆ. ಮಗಳ ಹೆಸರನ್ನು ಮನಸ್ಸಿನಲ್ಲಾದರೂ ಎಂದಾದರೂ ಕರೆದುಕೊಂಡಿದ್ದಳೋ ಇಲ್ಲವೋ. ಈಗ ನನ್ನದೇ ಅಡಿಗೆಮನೆಯಲ್ಲಿ ನಿಂತು ನನ್ನ ಮಗಳನ್ನು ಹೆಸರು ಹಿಡಿದು ಕೂಗುವಾಗಲೆಲ್ಲ ಆ ಗಲ್ಲ ನೆನಪಾಗುತ್ತದೆ.

ಏಳನೇ ಕ್ಲಾಸಿಗೆ ಬಂದ ವರ್ಷ ಶಾಲೆಯಿಂದ ಹೇಳಿ ಕಳಿಸಿದರು: ಹೆಸರಿನಲ್ಲಿ ಏನಾದರೂ ಬದಲಾವಣೆ ಬೇಕಿದ್ದರೆ ಈ ವರ್ಷವೇ ಮಾಡಿಸಿಕೊಳ್ಳಿ, ಹೈಸ್ಕೂಲಿಗೆ ಹೋದಮೇಲೆ ಕಷ್ಟ. ಅಪ್ಪ ಅವತ್ತು ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಲೇ ಮಾತು ತೆಗೆದರು.

"ಅಕ್ಷತಾ ಅಂತ ಮಾಡಿಸ್ತೀನಿ ಕಣವ್ವಾ. ಮೊದಲಕ್ಷರ ಅದೇ ಇರ್ತದೆ. ಮಗು ದಿನಾ ಅವಮಾನ ಪಟ್ಕೊಂಡು ಬರ್ತದೆ."

ನಾನು ಸಾರಿನ ಬಟ್ಟಲಿನಲ್ಲಿ ಮುಖ ಹುದುಗಿಸಿಕೊಂಡೆ. ಕುಣಿಯುವಷ್ಟು ಸಂತೋಷವಾಗಿತ್ತು. ಅಕ್ಷತಾ! ಅದನ್ನು ಇಂಗ್ಲಿಷಿನಲ್ಲಿ ಬರೆದರೆ ಎಷ್ಟು ಚೆಂದ ಕಾಣುತ್ತದೆ ಎಂದು ಆಗಲೇ ಬೆರಳಿನಿಂದ ನೆಲದ ಮೇಲೆ ಬರೆದು ನೋಡುತ್ತಿದ್ದೆ. ಕಂಬಕ್ಕೆ ಒರಗಿ ಕೂತಿದ್ದ ಅವ್ವ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆವು. ಅವಳು ಜಗಳಕ್ಕೆ ಬರಲಿಲ್ಲ. ಅವಳ ತಲೆಯ ಎಣ್ಣೆ ತಾಗಿ ತಾಗಿ ಕಪ್ಪಾಗಿದ್ದ ಆ ಕಂಬದಿಂದ ಬೆನ್ನು ತೆಗೆದು ಕೂತು,

"ಮಾಡಿಸಪ್ಪ. ಆದ್ರೆ ಹೆಸ್ರು ಕೊಟ್ಟೋರಿಗೆ ಒಂದು ಮಾತು ಹೇಳಿ ಬಿಡ್ಬೇಕು. ಹಬ್ಬದ ದಿನ ಎಡೆ ಮುಂದೆ ಕೂತು ಮಗೂನೇ ಹೇಳ್ಲಿ. ಆಮೇಲೆ ಏನಾದ್ರೂ ಇಟ್ಕಳ್ಳಿ," ಎಂದಳು.

ಅಷ್ಟೇ ತಾನೆ ಎನಿಸಿತು. ಹಬ್ಬದ ದಿನ ಪೂಜೆಯಾದ ಮೇಲೆ, ಬಾಗಿಲು ಎಳೆಯುವ ಮೊದಲು, ನನ್ನನ್ನು ಅಕ್ಕಯ್ಯಮ್ಮನ ಎಲೆಯ ಮುಂದೆ ಕೂರಿಸಿದರು. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ಅಷ್ಟು ಹತ್ತಿರದಿಂದ ಆ ಎಲೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಲೆಯ ಒಂದು ಕಡೆ ಮುದ್ದೆ, ನಾಟಿ ಕೋಳಿ ಸಾರು, ಕಜ್ಜಾಯ. ಇನ್ನೊಂದು ಕಡೆ, ಸಾರು ತಾಗದಂತೆ ದೂರವಾಗಿ, ಬರೀ ಮಜ್ಜಿಗೆ ಅನ್ನ. ಎಲೆಯ ಬಲಕ್ಕೆ ಹಸಿರು ಗಾಜಿನ ಬಳೆ, ಕುಂಕುಮ, ಮಲ್ಲಿಗೆಯ ದಿಂಡು. ಎಡಕ್ಕೆ ಮಡಚಿಟ್ಟ ಬಿಳಿಯ ಬಟ್ಟೆ, ಅಂಚಿಲ್ಲದ್ದು. ಅಂಗಡಿಯ ಬಿಳಿಯಲ್ಲ ಅದು, ಕೈನೂಲಿನದು. ಅಲ್ಲಲ್ಲಿ ದಪ್ಪ ಎಳೆ, ಹಳೆಯ ಅಕ್ಕಿಯ ಬಣ್ಣ. ಕಾನ್ವೆಂಟಿನಲ್ಲಿ ಏನು ಕಲಿತಿದ್ದರೂ ಹಳ್ಳಿಯ ಮನೆಯ ಹುಡುಗಿಗೆ ಇಷ್ಟು ತಿಳಿದೇ ಇರುತ್ತದೆ. ಬಳೆ ಕುಂಕುಮ ಮುತ್ತೈದೆಯಾಗಿ ಹೋದವರಿಗೆ. ಅಂಚಿಲ್ಲದ ಬಿಳಿ ಬಟ್ಟೆ ಗಂಡನನ್ನು ಕಳೆದುಕೊಂಡವರಿಗೆ.

"ಅವ್ವಾ, ಇವ್ರು ಬಳೆ ತೊಡ್ತಿದ್ರಾ, ಬಿಳಿ ಸೀರೆ ಉಡ್ತಿದ್ರಾ?"

ಅವ್ವ ನನ್ನ ಪಕ್ಕಕ್ಕೆ ಬಂದು ನಿಂತಳು.

"ಎರಡೂ ಹೆಂಗೆ ಇಡ್ತೀರ? ನಾನು ಯಾರಿಗೆ ಹೇಳ್ಲಿ?"

ಅಪ್ಪ, "ಸುಮ್ನೆ ಹೇಳಿ ಏಳಮ್ಮ, ಹೊತ್ತಾಯ್ತು," ಎಂದರು. ಅವ್ವ ಅಪ್ಪನ ಕಡೆ ಕೈಯೆತ್ತಿ ತಡೆದಳು. ನಿಧಾನವಾಗಿ, ಮಂಡಿ ಹಿಡಿದುಕೊಂಡು, ನನ್ನ ಪಕ್ಕದಲ್ಲಿ ನೆಲಕ್ಕೆ ಕೂತಳು.

"ಇಬ್ರು ಕಣಮ್ಮ," ಎಂದಳು. "ಇವ್ರು ಒಬ್ರಲ್ಲ. ಇಬ್ರು."

ಆ ಮಧ್ಯಾಹ್ನ ಹಿರಿಯರು ಉಣ್ಣಲು ಕಾಯಬೇಕಾಯಿತು. ಅವ್ವ ಬಳೆಯನ್ನು ಮುಟ್ಟಿ, ಇದು ಕೆರೆಯಮ್ಮನದು ಎಂದಳು. ಅವ್ವನಿಗಿಂತ ಎಷ್ಟೋ ತಲೆಮಾರು ಹಿಂದಿನವಳು. ಏರಿಯ ಮೇಲೆ ಅನ್ನ ಬಡಿಸಿದವಳು, ಗಂಡನಿಗಿಂತ ಮುಂಚೆ ಹೋದವಳು. ಆಮೇಲೆ ಬಿಳಿ ಬಟ್ಟೆಯ ಮೇಲೆ ಅಂಗೈ ಇಟ್ಟಳು. ಇದು ನಮ್ಮತ್ತೆಯದು. ಹಗೇವಿನಲ್ಲಿ ಜನರನ್ನು ಬಚ್ಚಿಟ್ಟದ್ದು ನಮ್ಮತ್ತೆ. ಚಿಕ್ಕ ವಯಸ್ಸಿಗೇ ಕುಂಕುಮ ಅಳಿಸಿಕೊಂಡು, ಕೈಗೂಸನ್ನು ಕಟ್ಟಿಕೊಂಡು, ಚರಕದ ನೂಲಿನ ಬಟ್ಟೆ ಉಟ್ಟುಕೊಂಡಿದ್ದ ಹೆಂಗಸು. ಹಗೇವು ಮುಚ್ಚಿದರೆ ಒಳಗಿನವರಿಗೆ ಉಸಿರಿರುವುದಿಲ್ಲ, ತೆರೆದಿಟ್ಟರೆ ಹುಡುಕಿ ಬಂದವರ ಕಣ್ಣಿಗೆ ಬೀಳುತ್ತದೆ. ಅತ್ತೆ ಚಪ್ಪಡಿಗೆ ಒಂದು ಗುಂಡುಕಲ್ಲು ಕೊಟ್ಟು ಸಂದಿ ಮಾಡಿ, ಮೇಲೆ ಚಾಪೆ ಹಾಸಿ, ಚಾಪೆಯ ತುಂಬ ಒಣಮೆಣಸಿನಕಾಯಿ ಹರವಿ, ನಡುವೆ ಕೂತು ತೊಟ್ಟು ಮುರಿಯತೊಡಗಿದಳಂತೆ. ಪೊಲೀಸರು ಅಂಗಳಕ್ಕೆ ಬಂದಾಗ ಎದ್ದು ನಿಲ್ಲಲಿಲ್ಲವಂತೆ. "ಮಜ್ಜಿಗೆ ಬೇಕಾದ್ರೆ ಒಳಗೆ ಗಡಿಗೇಲೈತೆ, ತಗೊಂಡು ಕುಡೀರಪ್ಪ, ನನ್ನ ಕೈಯೆಲ್ಲ ಖಾರ," ಎಂದಳಂತೆ. ಬಿಸಿಲಿನಲ್ಲಿ ಆ ಘಾಟಿಗೆ ಸೀನುತ್ತ ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲವಂತೆ.

"ಹಗೇವಿನೊಳಗಿದ್ದೋರು ಸೀನ್ಲಿಲ್ವಾ ಅವ್ವಾ?"

"ಸೀನಿರ್ತಾರೆ. ಹೊರಗಿದ್ದೋರೂ ಸೀನ್ತಿದ್ರಲ್ಲ, ಯಾರ ಸೀನು ಅಂತ ಗೊತ್ತಾಗ್ತದೆ?" ಎಂದು ಅವ್ವ ಕಣ್ಣು ಕಿರಿದು ಮಾಡಿ ನಕ್ಕಳು. ಅತ್ತೆ ಈ ಕತೆ ಹೇಳುವಾಗ ಇದೇ ಜಾಗದಲ್ಲಿ ಹೀಗೇ ನಗುತ್ತಿದ್ದಳು ಎಂದೂ ಹೇಳಿದಳು.

ಹಾಗಾದರೆ ಊರೆಲ್ಲ ಒಬ್ಬರೇ ಅನ್ನುವುದು ಯಾಕೆ? ಅಪ್ಪ ಕೇಳಿದ್ದು ಅದನ್ನೇ. ಅಪ್ಪ ಹುಟ್ಟುವ ಮೊದಲೇ ಆ ಅಜ್ಜಿ ತೀರಿಕೊಂಡಿದ್ದರು. ತಾತ ಮಾತಿನ ಮನುಷ್ಯರಾಗಿರಲಿಲ್ಲ. ಅವ್ವ ಹೇಳಿದ ಉತ್ತರ ನನಗೆ ಅವತ್ತು ಪೂರ್ತಿ ಅರ್ಥವಾಗಲಿಲ್ಲ, ಸೊಸೆಯಾದ ಮೇಲೆ ಆಯಿತು. ನಮ್ಮ ಮನೆಯಲ್ಲಿ ಕತೆ ಹೇಳುತ್ತಿದ್ದವರು ಹೆಂಗಸರು. ಹಾಗೆ ಹೇಳುವ ಹೆಂಗಸರೆಲ್ಲ ಈ ಮನೆಗೆ ಬಂದ ಸೊಸೆಯರು. ಸೊಸೆಯರು ಹೆಸರು ಎತ್ತುವ ಹಾಗಿಲ್ಲ. ರಾಗಿ ಬೀಸುತ್ತ, ಅವರೆಕಾಯಿ ಸುಲಿಯುತ್ತ ಅವರು ಹೇಳಿದ್ದೆಲ್ಲ "ಅವ್ರು ಏರಿ ಮೇಲೆ ಒಲೆ ಹೂಡಿದ್ರು", "ಅವ್ರು ಹಗೇವಿನ ಮೇಲೆ ಕೂತಿದ್ರು". ಕೇಳಿದ ಮಕ್ಕಳು ಹೊರಗೆ ಹೋಗಿ ಆ 'ಅವ್ರಿಗೆ' ಹೆಸರು ಹಚ್ಚಿದರು. ಹೆಸರು ಒಂದೇ ಆದ್ದರಿಂದ ಆಳೂ ಒಂದೇ ಆಯಿತು. ಅತ್ತೆ ತೀರಿಕೊಂಡ ವರ್ಷ ಅವ್ವ ಇನ್ನೊಂದು ಎಲೆ ಹಾಕಲು ಹೋಗಿದ್ದಳಂತೆ. ಆ ಹೆಸರಿಗೆ ಎಡೆ ಆಗಲೇ ಇದೆಯಲ್ಲ ಎಂದು ಹಿರಿಯರು ಬಿಡಲಿಲ್ಲ. ಅವ್ವ ಆಗ ಹೊಸ ಸೊಸೆ. ಬಾಯಲ್ಲಿ ಹೇಳಲು ಆಗದ್ದನ್ನು ಎಲೆಯ ಎಡಗಡೆ ಮಡಚಿಟ್ಟಳು. ಅಲ್ಲಿಂದ ಪ್ರತಿ ವರ್ಷ ಒಂದು ಅಂಚಿಲ್ಲದ ಬಟ್ಟೆ, ಒಂದು ಹಿಡಿ ಮಜ್ಜಿಗೆ ಅನ್ನ.

"ಯಾರಾದ್ರೂ ಕೇಳ್ತಾರೆ ಅನ್ಕೊಂಡಿದ್ದೆ," ಎಂದಳು. "ಈ ಮಗು ಕೇಳ್ತು."

ಅಪ್ಪ ತಾವೇ ಹಿತ್ತಿಲಿಗೆ ಹೋಗಿ ಇನ್ನೊಂದು ಬಾಳೆಲೆ ಕೊಯ್ದು ತಂದರು. ಅಮ್ಮ ಅದನ್ನು ತೊಳೆದು ಹಾಸಿದಳು. ಅವ್ವ ಮಜ್ಜಿಗೆ ಅನ್ನವನ್ನು ಅಲ್ಲಿಗೆ ಬಡಿಸಿ, ಬಿಳಿ ಬಟ್ಟೆಯನ್ನು ಆ ಎಲೆಯ ಪಕ್ಕಕ್ಕೆ ಸರಿಸಿ, ಅದರ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ ಇಟ್ಟಳು. ಅಷ್ಟೂ ವರ್ಷ ತಮ್ಮ ಅಜ್ಜಿಗೆ ಒಂದು ಎಲೆಯೂ ಇಲ್ಲದೆ ಇದ್ದದ್ದನ್ನು ನೆನೆದು ಅಪ್ಪ ಆ ಬಟ್ಟೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ನಾನು ಬಾಯಿಪಾಠ ಮಾಡಿದ್ದ ಮಾತು ಯಾವ ಎಲೆಯ ಮುಂದೂ ಹೊರಡಲಿಲ್ಲ.

"ನಂಗೆ ಇಟ್ಟಿದ್ದು ಯಾರ ಹೆಸ್ರು ಅವ್ವಾ?"

"ನಮ್ಮತ್ತೇದು. ನಾನು ಕರೆಯಕ್ಕಾಗ್ದಿರೋ ಹೆಸರ್ನ ನಮ್ಮನೇಲಿ ಯಾರಾದ್ರೂ ಜೋರಾಗಿ ಕರೀಲಿ ಅಂತ ಆಸೆ ಇತ್ತು. ಅದು ನನ್ನ ಆಸೆ. ನಿನ್ನ ಇಸ್ಕೂಲು ನಿಂದು." ಅಷ್ಟು ಹೇಳಿ ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಿದಳು. "ನಡೀರಿ, ಉಣ್ಣೋರಿಗೆ ಹೊತ್ತಾಯ್ತು."

ದಸರಾ ರಜೆ ಮುಗಿಯುವ ತನಕ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನೀನೇ ಯೋಚನೆ ಮಾಡಮ್ಮ ಎಂದು ಅಪ್ಪ ಬಿಟ್ಟುಬಿಟ್ಟಿದ್ದರು. ಶಾಲೆಗೆ ಹೋಗಬೇಕಾದ ದಿನ ಅವರಿಗೆ ಬೆಳಗಿನ ಶಿಫ್ಟು ಬಿತ್ತು. ಅಮ್ಮ ಒಳ್ಳೆಯ ಸೀರೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ನಾನು, ನನ್ನ ಪಕ್ಕ ಅವಳು. ಜೋಳದ ಹೊಲಗಳು ಕಳೆದ ಮೇಲೆ ಕೇಳಿದಳು.

"ಏನಂತ ಹೇಳ್ಲೇ?"

ನನಗೆ ಆಗ ಹೊಳೆದದ್ದು ಬೇರೆಯೇ.

"ಅಮ್ಮಾ, ಅಕ್ಷತಾ ಅಂತ ಆದ್ರೆ ನೀನು ನನ್ನ ಹೆಸ್ರು ಹಿಡ್ದು ಕರೀಬೋದು ಅಲ್ವಾ?"

ಅಮ್ಮ ಮಡಿಲಲ್ಲಿದ್ದ ಕೈಚೀಲದ ಹಿಡಿಯನ್ನು ಸುತ್ತುತ್ತ ಬಿಚ್ಚುತ್ತ ಕೂತಳು.

"ಹ್ಞೂ ಕಣೇ," ಎಂದಳು. "ಕರೀಬೋದು."

"ನಿಂಗೆ ಹಂಗೆ ಬೇಕಾ?"

"ನಂಗೇನು ಬೇಕು ಅಂತ ಕೇಳ್ಬೇಡಮ್ಮ. ಕೇಳಿದ್ರೆ ಹೇಳಿಬಿಡ್ತೀನಿ. ನಿಂಗೇನು ಬೇಕು ಅದು ಹೇಳು."

ಹಿಂದಿನ ಬೆಂಚಿನ ಕೆಮ್ಮು ನನ್ನ ಕಿವಿಯಲ್ಲೇ ಇತ್ತು. ಅಮ್ಮ ಹಿತ್ತಿಲಿನಿಂದ "ಅಕ್ಷತಾ" ಎಂದು ಕೂಗುವುದೂ ಕೇಳಿಸಿದಂತಾಯಿತು. ಎಷ್ಟು ಇಂಪಾಗಿತ್ತು ಅದು. ಆದರೆ ಅದರ ಜೊತೆಗೇ, ಚಾಪೆಯ ಮೇಲೆ ಖಾರದ ಕೈಯಲ್ಲಿ ಕೂತು, ಎದ್ದು ನಿಲ್ಲದ ಹೆಂಗಸೊಬ್ಬಳು ಕಣ್ಣ ಮುಂದಿನಿಂದ ಕದಲಲಿಲ್ಲ. ಆಲದಮರದಷ್ಟು ದೊಡ್ಡವಳಲ್ಲ ಅವಳು ಈಗ, ಅವ್ವನಷ್ಟೇ ಎತ್ತರದವಳು.

"ಇರೋದೇ ಇರ್ಲಿ ಅಮ್ಮ," ಎಂದೆ.

ಅಮ್ಮ ನನ್ನನ್ನು ದಾಟಿ ಕಿಟಕಿಯ ಹೊರಗೆ ನೋಡಿದಳು. ನನ್ನ ರಿಬ್ಬನ್ ಸಡಿಲವಾಗಿರದಿದ್ದರೂ ಬಿಚ್ಚಿ ಮತ್ತೆ ಕಟ್ಟಿದಳು.

ಆಫೀಸಿನಲ್ಲಿ ಕೂತಿದ್ದ ಸಿಸ್ಟರ್ ಮಂಗಳೂರು ಕಡೆಯವರು, ಪುಸ್ತಕದಂತೆ ಕನ್ನಡ ಮಾತಾಡುತ್ತಿದ್ದರು. ದಪ್ಪ ರಿಜಿಸ್ಟರ್ ತೆಗೆದು ಕನ್ನಡಕ ಏರಿಸಿಕೊಂಡರು.

"ತಂದೆಯವರು ಫೋನ್ ಮಾಡಿದ್ದರು, ಹೆಸರು ಬದಲಿಸಬೇಕು ಎಂದು. ಹೊಸ ಹೆಸರು ಏನು?"

"ಬದಲಾಯ್ಸೋದು ಬೇಡ ಸಿಸ್ಟರ್. ಇರೋದೇ ಇರ್ಲಿ."

"ಖಂಡಿತವೇ? ಆಮೇಲೆ ಬಂದು ಕೇಳಬಾರದು. ಇರುವುದು ಎಂದರೆ ಯಾವುದು, ನೀವೇ ಒಮ್ಮೆ ಹೇಳಿ. ಸರಿಯಾಗಿದೆಯೇ ನೋಡುತ್ತೇನೆ."

ನಾನು ಅಭ್ಯಾಸದಂತೆ ಬಾಯಿ ತೆರೆದೆ. ಸಿಸ್ಟರ್ ಪೆನ್ನು ಎತ್ತಿ ನನ್ನನ್ನು ತಡೆದರು.

"ನೀನಲ್ಲ ಮಗು. ತಾಯಿ ಹೇಳಲಿ."

ಅಮ್ಮನ ಕಿವಿ ಕೆಂಪಾಯಿತು. ಮೊದಲು ಗೋಡೆಯ ಮೇಲಿನ ಮಾತೆಯ ಪಟವನ್ನು ನೋಡಿದಳು, ಆಮೇಲೆ ನನ್ನನ್ನು. "ದೇವುಡಾ," ಎಂದು ಉಸಿರಿನಲ್ಲೇ ಅಂದುಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಳ್ಳಲು ಎತ್ತಿದವಳು ಒತ್ತಿಕೊಳ್ಳದೆ ಕೆಳಗೆ ಬಿಟ್ಟಳು.

"ಅಕ್ಕಯ್ಯಮ್ಮ," ಎಂದಳು.

"ಸ್ವಲ್ಪ ಜೋರಾಗಿ."

"ಅಕ್ಕಯ್ಯಮ್ಮ! ನನ್ನ ಮಗಳ ಹೆಸರು ಅಕ್ಕಯ್ಯಮ್ಮ."

ಪಕ್ಕದ ಕೋಣೆಯ ಟೈಪ್‌ರೈಟರ್ ಕೂಡ ನಿಂತಿತು. ಸಿಸ್ಟರ್ ತಲೆಯಾಡಿಸಿ ರಿಜಿಸ್ಟರ್ ಮುಚ್ಚಿದರು. ಹೊರಗೆ ಬಂದು ಕಾನ್ವೆಂಟಿನ ಹೂತೋಟದ ನಲ್ಲಿಯಲ್ಲಿ ಅಮ್ಮ ಬಾಯಿ ಮುಕ್ಕಳಿಸಿದಳು. ಅಪಚಾರ ಕಳೆಯಲಿ ಎಂದಿರಬೇಕು. ಆದರೆ ನಗುತ್ತಿದ್ದಳು, ಗಲ್ಲ ನಡುಗದ ನಗು.

ಸಂಜೆ ನಾನು ನಡುಮನೆಯಲ್ಲಿ ಹೋಮ್‌ವರ್ಕ್ ಹರಡಿಕೊಂಡು ಕೂತಿದ್ದೆ. ಅಡಿಗೆಮನೆಯಲ್ಲಿ ಅತ್ತೆ ಸೊಸೆ ಸೊಪ್ಪು ಬಿಡಿಸುತ್ತಿದ್ದರು.

"ಏನಾಯ್ತು ಸರೋಜಾ, ಇಸ್ಕೂಲಿನ ವಿಷ್ಯ?"

"ಇರೋದೇ ಇರ್ಲಿ ಅಂದ್ಲು ಅತ್ತೆ, ನಿಮ್ಮ ಮೊಮ್ಮಗಳು."

ಸೊಪ್ಪು ಮುರಿಯುವ ಸದ್ದು ನಿಂತಿತು.

"ಯಾರು ಹೇಳಿದ್ದು, ಅವ್ರಿಗೆ?"

"...ನಾನೇ."

ಬೈಗುಳ ಬರುತ್ತದೆ ಎಂದು ನಾನು ಪೆನ್ಸಿಲ್ ಹಿಡಿದು ಕಾದೆ.

"ಜೋರಾಗಿ ಹೇಳ್ದ್ಯೇನೇ?"

"ಹ್ಞೂ ಅತ್ತೆ. ಅವ್ರಿಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳ್ದೆ."

"ಎಲ್ಲಿ, ನಂಗೊಂದ್ಸಲ ಹೇಳು, ಕೇಳಣ."

ಅಮ್ಮ ಹೇಳಿದಳು. ಈ ಸಲ ಮೆಲ್ಲಗೆ, ತಪ್ಪು ಮಾಡಿದವಳಂತೆ, ಬಾಯಲ್ಲೇ ನುಂಗಿ.

"ಹಂಗಲ್ಲ ಕಣೇ," ಎಂದಳು ಅವ್ವ. "ನಮ್ಮತ್ತೇನ ಅವರಮ್ಮ ಬಂದಾಗ ಹಂಗೆ ಕರೀತಿರ್ಲಿಲ್ಲ. ಕೊನೇಲಿ ಎಳೀಬೇಕು, ದೂರದಲ್ಲಿರೋರಿಗೆ ಕೇಳ್ಸೋ ಹಂಗೆ."

ಒಲೆಯಲ್ಲಿ ಸೌದೆ ಚಟಕ್ಕೆಂದಿತು. ಆಮೇಲೆ ಅವ್ವನ ಧ್ವನಿ, ನಾನು ಅದುವರೆಗೆ ಕೇಳಿರದಷ್ಟು ಎಳೆಯ ಧ್ವನಿ, ಹೊಸ ಸೊಸೆಯೊಬ್ಬಳು ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿದಂತೆ:

"ಅಕ್ಕಯ್ಯಮ್ಮಾ..."

ನಾನು ಪುಸ್ತಕ ಕೆಳಗಿಟ್ಟು, ಓ ಎಂದೆ.